ಗುರುಮೂಢತೆ ಮತ್ತು ಪೇಟೆಯ ಗುರುಗಳು

ಶ್ರಾವಕನಿಗೆ ಅರ್ಥಾರ್ಜನೆ ನಿಷಿದ್ಧವಲ್ಲ. ನ್ಯಾಯಮಾರ್ಗದಿಂದ ಸಂಪಾದಿಸಿ, ಸಂಗ್ರಹಕ್ಕೆ ಮಿತಿಯನ್ನು ಹಾಕಿಕೊಂಡು, ಮಿಕ್ಕುದನ್ನು ದಾನದಲ್ಲಿ ವಿನಿಯೋಗಿಸಬೇಕೆಂಬುದು ನಮ್ಮ ಆಚಾರ್ಯರ ಉಪದೇಶ. ಆದುದರಿಂದಲೇ ವ್ಯಾಪಾರವನ್ನು ಕಲಿಯುವುದಾಗಲಿ ಕಲಿಸುವುದಾಗಲಿ ಜೈನ ಸಮಾಜದಲ್ಲಿ ಹೀನವೆನಿಸಲಿಲ್ಲ. ಆದರೆ ಕಲಿಸುವವನು ಯಾರು, ಅವನ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಈಚೆಗೆ ಹೊಸ ರೂಪದಲ್ಲಿ ನಮ್ಮೆದುರು ನಿಂತಿದೆ. ಶೇರುಪೇಟೆಯಲ್ಲಿ ಲಾಭ ಗಳಿಸುವ ವಿದ್ಯೆಯನ್ನು ಶುಲ್ಕ ಪಡೆದು ಕಲಿಸುತ್ತೇವೆನ್ನುವ ಮಾರ್ಗದರ್ಶಕರು ಮೊಬೈಲಿನ ಮೂಲಕ ಹಳ್ಳಿಹಳ್ಳಿಗೂ ಬಂದಿದ್ದಾರೆ. ಅನೇಕರು ತಮ್ಮನ್ನು ‘ಗುರು’ ಎಂದೇ ಕರೆದುಕೊಳ್ಳುತ್ತಾರೆ.

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಶೇಂಗಾ ಬೆಳೆಗಾರರೊಬ್ಬರ ಮಗ, ಪದವೀಧರ, ಕೆಲವು ಕಾಲದ ಹಿಂದೆ ನನ್ನಲ್ಲಿಗೆ ಬಂದಿದ್ದನು. ಅಂಥ ಒಬ್ಬ ಮಾರ್ಗದರ್ಶಕನ ತರಗತಿಗೆ ಸೇರಬೇಕೆಂದು ಅವನ ಆಸೆ. ಆತ ಕೇಳುತ್ತಿದ್ದ ಶುಲ್ಕವು ಆ ವರ್ಷ ಮನೆಯ ಶೇಂಗಾ ಮಾರಿ ಬಂದ ಹಣದ ಅರ್ಧದಷ್ಟಿತ್ತು. ನಾನು ಸಂಶಯ ವ್ಯಕ್ತಪಡಿಸಿದಾಗ ಅವನು ಕೇಳಿದ ಪ್ರಶ್ನೆ ಯೋಗ್ಯವಾಗಿಯೇ ಇತ್ತು: “ವೈದ್ಯನಾಗಲು ಶುಲ್ಕ ಕೊಡುತ್ತಾರೆ, ವಕೀಲನಾಗಲು ಕೊಡುತ್ತಾರೆ. ವ್ಯಾಪಾರ ಕಲಿಯಲು ಕೊಟ್ಟರೆ ತಪ್ಪೇನು?” ಈ ಪ್ರಶ್ನೆಗೆ ಉಪೇಕ್ಷೆಯ ಉತ್ತರ ಸಲ್ಲದು. ಇತಿಹಾಸವನ್ನೂ ಶಾಸ್ತ್ರವನ್ನೂ ಮುಂದಿಟ್ಟುಕೊಂಡು ಇದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ನೆರೆಯಲ್ಲಿಯೇ ಇರುವ ಒಂದು ಪ್ರಾಚೀನ ಸಾಕ್ಷ್ಯವನ್ನು ನೋಡೋಣ. ಚಳ್ಳಕೆರೆಗೆ ಹೊಂದಿಕೊಂಡ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿ.ಪೂ. 3ನೆಯ ಶತಮಾನದ ಇವುಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಇಸಿಲದ ಮಹಾಮಾತ್ರರನ್ನು ಉದ್ದೇಶಿಸಿ ಬರೆಸಿದ ಈ ಶಾಸನದಲ್ಲಿ ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವುಗಳ ಜೊತೆಗೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯೂ ಇದೆ. ಇಲ್ಲಿ ಒಂದು ಅಂಶ ಗಮನಾರ್ಹ. ಆಚಾರ್ಯನ ಗೌರವವು ಸತ್ಯವಚನದ ಪಕ್ಕದಲ್ಲಿಯೇ ನಿಂತಿದೆ. ಸತ್ಯವನ್ನು ನುಡಿಯದವನಿಗೆ ಆಚಾರ್ಯನೆಂಬ ಗೌರವ ಸಲ್ಲಬೇಕೆಂದು ಅದರಿಂದ ಸಿದ್ಧವಾಗುವುದಿಲ್ಲ. ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಲಿಪಿಕಾರನೆಂಬ ಪದವನ್ನು ಅವನು ದೂರದ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಬರೆದವನು ತನ್ನ ಬರಹಕ್ಕೆ ಹೆಸರು ಹಾಕಿ ಹೊಣೆ ಹೊತ್ತ ಪದ್ಧತಿ ನಮ್ಮ ಸೀಮೆಯಲ್ಲಿ ಅಷ್ಟು ಹಳೆಯದು.

ವ್ಯಾಪಾರ ವಿದ್ಯೆಯ ವಿಷಯಕ್ಕೆ ಬಂದರೆ, ಅದಕ್ಕೆ ಗ್ರಂಥಬದ್ಧವಾದ ಪರಂಪರೆಯನ್ನು ಕಟ್ಟಿದವರಲ್ಲಿ ಕರ್ನಾಟಕದ ಜೈನರು ಮುಖ್ಯರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿನಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಬಡ್ಡಿಯ ಲೆಕ್ಕ, ಪಾಲುದಾರಿಕೆಯಲ್ಲಿ ಲಾಭದ ವಿಭಜನೆ, ಚಿನ್ನದ ಬೆರಕೆಯ ಬಣ್ಣ ನಿರ್ಣಯ ಮೊದಲಾದ ವಾಣಿಜ್ಯ ಸಮಸ್ಯೆಗಳು ಅದರಲ್ಲಿ ಹೇರಳವಾಗಿವೆ. 12ನೆಯ ಶತಮಾನದ ಜೈನ ಕವಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದು, ಸಂಸ್ಕೃತವರಿಯದ ವ್ಯವಹಾರಸ್ಥನಿಗೂ ಆ ವಿದ್ಯೆ ದೊರೆಯುವಂತೆ ಮಾಡಿದನು. ಈ ಗ್ರಂಥಗಳು ಲೆಕ್ಕ ಮಾಡುವ ಕ್ರಮವನ್ನು ಕಲಿಸುತ್ತವೆ. ನಾಳೆ ಯಾವ ಸರಕಿನ ಬೆಲೆ ಏರುವುದೆಂದು ಹೇಳುವುದು ಅವುಗಳ ವಿಷಯವಲ್ಲ. ಸೂತ್ರವನ್ನು ಕಲಿತವನು ಅದು ಸರಿಯೋ ತಪ್ಪೋ ಎಂಬುದನ್ನು ತಾನೇ ಲೆಕ್ಕಹಾಕಿ ಪರೀಕ್ಷಿಸಬಲ್ಲನು. ಪರೀಕ್ಷೆಗೆ ಒಳಪಡುವುದು ವಿದ್ಯೆಯ ಲಕ್ಷಣ.

ಗ್ರಂಥದ ವಿದ್ಯೆಯ ನಂತರ ಅಂಗಡಿಯ ವಿದ್ಯೆ. ಚಳ್ಳಕೆರೆಯು ಶೇಂಗಾ ಎಣ್ಣೆಯಿಂದ ಹೆಸರು ಪಡೆದ ಪಟ್ಟಣ. ಅದಕ್ಕೆ ‘ಎಣ್ಣೆ ನಗರ’ವೆಂಬ ಬಿರುದೇ ಇದೆ. ಇಲ್ಲಿನ ಮಂಡಿಗಳಲ್ಲಿಯೂ ಗಾಣದ ಗಿರಣಿಗಳಲ್ಲಿಯೂ ಕೆಲಸ ಕಲಿಯುವ ಹುಡುಗನು ಮೊದಲು ಗುಡಿಸಬೇಕು, ತೂಗಬೇಕು, ಚೀಲ ಎಣಿಸಬೇಕು. ಕಾಯಿಯನ್ನು ಕಿವಿಯ ಬಳಿ ಕುಲುಕಿ ಒಣಗಿದೆಯೋ ಇಲ್ಲವೋ ತಿಳಿಯುವುದು, ಹಿಡಿ ಕಾಯಿ ಒಡೆದು ಬೀಜದ ಇಳುವರಿ ಅಂದಾಜು ಮಾಡುವುದು, ರೋಕಡಿ ಪುಸ್ತಕವನ್ನು ಪ್ರತಿ ಸಂಜೆ ತಾಳೆ ನೋಡುವುದು ಇವೆಲ್ಲ ವರ್ಷಗಳ ಅಭ್ಯಾಸ. ಇದಕ್ಕೆ ಯಜಮಾನನು ಶುಲ್ಕ ಪಡೆಯಲಿಲ್ಲ. ಅಲ್ಪವಾದರೂ ಸಂಬಳ ಕೊಟ್ಟನು. ಅವನು ಸಾಧುವಾಗಿದ್ದನೆಂದು ಹೀಗೆ ಹೇಳುತ್ತಿಲ್ಲ. ಹುಡುಗನು ತಪ್ಪು ಕಲಿತರೆ ನಷ್ಟ ಯಜಮಾನನ ಗಲ್ಲಾಪೆಟ್ಟಿಗೆಗೇ ಆಗುತ್ತಿತ್ತು. ಕಲಿಸುವವನ ಹಿತವೂ ಕಲಿಯುವವನ ಹಿತವೂ ಒಂದೇ ತಕ್ಕಡಿಯಲ್ಲಿದ್ದವು. ಆ ವಿದ್ಯೆಯನ್ನು ನಂಬಬಹುದಾಗಿದ್ದುದಕ್ಕೆ ಮೂಲ ಕಾರಣ ಇದು.

ಇನ್ನೊಂದು ಪಾಠವನ್ನೂ ಮಂಡಿಯ ಇತಿಹಾಸ ಕಲಿಸುತ್ತದೆ. ಹಿಂದೆ ನಮ್ಮ ದೇಶದ ಅನೇಕ ಸಂತೆಪೇಟೆಗಳಲ್ಲಿ ದಲ್ಲಾಳಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಮಾಲಿನ ಒಡೆಯನಾದ ರೈತನು ಪಕ್ಕದಲ್ಲಿಯೇ ನಿಂತಿದ್ದರೂ ಅವನಿಗೆ ದರ ತಿಳಿಯುತ್ತಿರಲಿಲ್ಲ. ಕರ್ನಾಟಕದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯು ಬಹಿರಂಗ ಹರಾಜು, ಟೆಂಡರು, ಪರವಾನಗಿ ಪಡೆದ ತೂಕದವರು ಇವುಗಳನ್ನು ವಿಧಿಸಿತು. ವರ್ತಕರೆಲ್ಲರೂ ಒಂದೇ ದಿನದಲ್ಲಿ ಧರ್ಮಾತ್ಮರಾಗಲಿಲ್ಲ. ಆದರೆ ಅವರ ಮಾತನ್ನು ಪರೀಕ್ಷಿಸಲು ರೈತನಿಗೆ ಸಾಧನ ದೊರೆಯಿತು. ಹಣದ ವ್ಯವಹಾರದಲ್ಲಿ ವಿಶ್ವಾಸವೆಂಬುದು ಹೀಗೆ ತೆರೆದ ಲೆಕ್ಕದ ಮೇಲೆ ನಿಲ್ಲಬೇಕು.

ತೆರೆದ ಲೆಕ್ಕವಿಲ್ಲದೆ ಒಬ್ಬನ ಹೆಸರನ್ನೇ ನಂಬಿ ಹೋದವರ ಗತಿಯೇನೆಂಬುದಕ್ಕೆ ಶೇರುಪೇಟೆಯ ಇತಿಹಾಸದಲ್ಲಿ ಎರಡು ದೊಡ್ಡ ಉದಾಹರಣೆಗಳಿವೆ. ಎರಡರಲ್ಲಿಯೂ ಮುಖ್ಯ ಪುರುಷರು ಜೈನ ಕುಲದಲ್ಲಿ ಹುಟ್ಟಿದವರೆಂಬುದನ್ನು ನಾವು ಮರೆಮಾಚಬಾರದು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗಿ ಚಿನ್ನದ ಬೆಲೆಗೆ ಮಾರಾಟವಾಯಿತು. ಹರಿದುಬಂದ ಹಣವೆಲ್ಲ ಹೊಸ ಹೊಸ ಕಂಪನಿಗಳ ಶೇರುಗಳಿಗೆ ಹೋಯಿತು. ಸೂರತ್ ಮೂಲದ ಪ್ರೇಮಚಂದ ರಾಯಚಂದ್ (1831–1906) ಆ ಕಾಲದ ಪೇಟೆಯ ಅನಭಿಷಿಕ್ತ ಪ್ರಭು. ಅವರು ಕೈಹಾಕಿದ ಕಂಪನಿಯೆಂದರೆ ಸಾಕು, ಜನರು ವಿಚಾರಿಸದೆ ಕೊಳ್ಳುತ್ತಿದ್ದರು. ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿಯ ಶೇರು 50,000 ರೂಪಾಯಿಯ ಆಸುಪಾಸಿಗೆ ಏರಿತು. 1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಜುಲೈ 1ರಂದು ವಾಯಿದೆಗಳು ಮುಗಿದಾಗ ಹಣ ಕೊಡಬಲ್ಲವರೇ ಉಳಿಯಲಿಲ್ಲ. ಪ್ರೇಮಚಂದರೂ ಪತನಹೊಂದಿದರು, ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು.

ಪ್ರೇಮಚಂದರು ದಾನಿಗಳು. ಕಲ್ಕತ್ತಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿವೇತನವೂ ಮುಂಬಯಿ ವಿಶ್ವವಿದ್ಯಾನಿಲಯದ ಗ್ರಂಥಾಲಯವೂ ಅವರ ಔದಾರ್ಯದಿಂದ ಆದವು. 1878ರಲ್ಲಿ ಪೂರ್ಣಗೊಂಡ ಅಲ್ಲಿನ ಗಡಿಯಾರ ಗೋಪುರಕ್ಕೆ ಅವರ ತಾಯಿ ರಾಜಾಬಾಯಿಯವರ ಹೆಸರಿದೆ. ರಾತ್ರಿಭೋಜನ ತ್ಯಾಗದ ವ್ರತವಿದ್ದ ಆ ಸಾಧ್ವಿಗೆ ಹೊತ್ತು ತಿಳಿಯಲು ಗಂಟೆಯ ನಾದ ನೆರವಾಗುತ್ತಿತ್ತೆಂಬ ಐತಿಹ್ಯವನ್ನು ನಮ್ಮವರು ಅಭಿಮಾನದಿಂದ ಹೇಳುತ್ತಾರೆ. ಹೇಳುವುದು ತಪ್ಪಲ್ಲ. ಆದರೆ ದಾನಶೀಲತೆ ಬೇರೆ, ಅವರ ಹೆಜ್ಜೆಯ ಹಿಂದೆ ಹೋದವರ ಕ್ಷೇಮ ಬೇರೆ. ಪೇಟೆಯಲ್ಲಿ ಒಬ್ಬನು ಗೆದ್ದಿದ್ದಾನೆ ಎಂಬುದರಿಂದ ಅವನನ್ನು ಅನುಸರಿಸಿದವರೂ ಗೆಲ್ಲುವರೆಂಬ ನಿಯಮವಿಲ್ಲ.

ಎರಡನೆಯ ಉದಾಹರಣೆ ನಮ್ಮಲ್ಲನೇಕರ ನೆನಪಿನಲ್ಲಿಯೇ ಇದೆ. ‘ಬಿಗ್ ಬುಲ್’ ಎಂದು ಕರೆಸಿಕೊಂಡ ಹರ್ಷದ್ ಮೆಹತಾ ಕೊಳ್ಳುವ ಶೇರುಗಳನ್ನೇ ದೇಶದ ಜನ ಕೊಂಡರು. ಸುಮಾರು 200 ರೂಪಾಯಿಯಷ್ಟಿದ್ದ ಎ.ಸಿ.ಸಿ. ಸಿಮೆಂಟ್ ಕಂಪನಿಯ ಶೇರು 9,000 ರೂಪಾಯಿಯ ಸಮೀಪಕ್ಕೆ ಹೋಯಿತು. 1992ರ ಏಪ್ರಿಲ್ 22ರಂದು ಮುಂಬಯಿ ಸೂಚ್ಯಂಕ 4,467 ಮುಟ್ಟಿತು. ಮರುದಿನವೇ ಬ್ಯಾಂಕುಗಳ ಹಣ ಹೇಗೆ ಪೇಟೆಗೆ ಹರಿದಿತ್ತೆಂಬ ಸುದ್ದಿ ಪತ್ರಿಕೆಯಲ್ಲಿ ಹೊರಬಿತ್ತು. ಜನರು ಜಾಣ್ಮೆಯೆಂದು ನಂಬಿದ್ದುದರ ಹಿಂದೆ ಅನ್ಯರ ಹಣವಿತ್ತು. ಗೆಲುವಿನ ಕಾರಣವನ್ನು ಗೆದ್ದವನು ಹೇಳಿದಂತೆಯೇ ಒಪ್ಪಿಕೊಳ್ಳಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ.

ಆದರೆ ಇವರಿಬ್ಬರೂ ಶುಲ್ಕ ಪಡೆದು ಪಾಠ ಹೇಳುವುದನ್ನು ವೃತ್ತಿ ಮಾಡಿಕೊಂಡವರಲ್ಲ. ಸ್ವಂತ ವ್ಯಾಪಾರದಲ್ಲಿ ಏರಿ ಸ್ವಂತ ವ್ಯಾಪಾರದಲ್ಲಿ ಬಿದ್ದವರು. ಶುಲ್ಕದ ಗುರು ಹುಟ್ಟಿದ್ದು ಆನಂತರ. 1994ರಲ್ಲಿ ರಾಷ್ಟ್ರೀಯ ಶೇರು ವಿನಿಮಯ ಕೇಂದ್ರವು ಗಣಕದ ತೆರೆಯ ಮೇಲಿನ ವಹಿವಾಟನ್ನು ತಂದಿತು. 1996ರಿಂದ ಶೇರುಗಳು ಕಾಗದರೂಪವನ್ನು ಬಿಟ್ಟವು. 2000ದಲ್ಲಿ ಸೂಚ್ಯಂಕದ ಫ್ಯೂಚರ್ಸ್, 2001ರಲ್ಲಿ ಆಪ್ಷನ್ಸ್ ಆರಂಭವಾದವು. 1957ರಲ್ಲಿ ಸ್ಥಾಪನೆಯಾಗಿದ್ದ ಬೆಂಗಳೂರು ಶೇರು ವಿನಿಮಯ ಕೇಂದ್ರವು 2014ರಲ್ಲಿ ತೆರೆ ಎಳೆದುಕೊಂಡಿತು. ದಲ್ಲಾಳಿಯ ಕಛೇರಿ ಹೋಗಿ ಮೊಬೈಲ್ ಬಂದಿತು. ಮುಖ ನೋಡಿ “ಈ ಸಾಹಸ ಬೇಡ” ಎಂದು ಒಂದು ಮಾತು ಹೇಳಬಹುದಾಗಿದ್ದ ಮನುಷ್ಯ ಮಧ್ಯದಿಂದ ಮಾಯವಾದನು. ಅವನು ಬಿಟ್ಟ ಜಾಗದಲ್ಲಿ ಮಾರ್ಗದರ್ಶಕನು ಬಂದು ಕುಳಿತನು.

ಈ ಮೊಬೈಲ್ ಪೇಟೆಯಲ್ಲಿ ಕಳೆದುಕೊಳ್ಳುತ್ತಿರುವವರು ಯಾರು? ಶೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿತು. ಖರ್ಚು ಕಳೆದು ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. 2023-24ರಲ್ಲಿ ವಹಿವಾಟು ನಡೆಸಿದವರಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಮಂದಿ ದೊಡ್ಡ 30 ನಗರಗಳ ಹೊರಗಿನವರು. ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಾರ್ಷಿಕ ಆದಾಯ ಐದು ಲಕ್ಷಕ್ಕಿಂತ ಕಡಿಮೆಯೆಂದು ಹೇಳಿಕೊಂಡವರು. 2025ರ ಜುಲೈನ ಅಧ್ಯಯನದಂತೆ 2024-25ರಲ್ಲಿಯೂ ನೂರಕ್ಕೆ 91 ಮಂದಿಗೆ ನಷ್ಟವೇ ಆಯಿತು. ಮಳೆ ಅತಿ ಕಡಿಮೆಯಿರುವ, ಅಮೃತಮಹಲ್ ಕಾವಲಿನ ಹುಲ್ಲುಗಾವಲು ಕೈತಪ್ಪಿದ ಚಳ್ಳಕೆರೆ ಸೀಮೆಯ ಮನೆಗಳಿಗೆ ಇಂಥ ನಷ್ಟವೆಂದರೆ ಮುಂದಿನ ಬಿತ್ತನೆಯ ಬೀಜ ಹೋದಂತೆ.

ಇದರಲ್ಲಿ ಆಶ್ಚರ್ಯವೂ ಇಲ್ಲ. ಇಂಥ ವಾಯಿದೆಯಲ್ಲಿ ಒಬ್ಬನ ಲಾಭವೆಂದರೆ ಇನ್ನೊಬ್ಬನ ನಷ್ಟ. ಎರಡರಿಂದಲೂ ದಲ್ಲಾಳಿ, ತೆರಿಗೆ ಮತ್ತು ವಿನಿಮಯ ಕೇಂದ್ರದ ಶುಲ್ಕ ಕಳೆಯುತ್ತದೆ. ಆದುದರಿಂದ ಎಲ್ಲ ಶಿಷ್ಯರನ್ನೂ ಗೆಲ್ಲಿಸುತ್ತೇನೆಂಬ ಮಾತು ಗಣಿತಕ್ಕೇ ವಿರುದ್ಧ. ಇನ್ನು ‘ನಾನು ಹೇಳಿದ್ದೆಲ್ಲ ಸತತವಾಗಿ ನಿಜವಾಗಿದೆ’ ಎಂಬ ಪ್ರದರ್ಶನದ ಬೆಲೆಯೇನು? 1,024 ಮಂದಿ ಪ್ರತಿವಾರ ಪೇಟೆ ಏರುವುದೋ ಇಳಿಯುವುದೋ ಎಂದು ನಾಣ್ಯ ಚಿಮ್ಮಿ ಹೇಳಿದರೆಂದು ಭಾವಿಸಿರಿ. ಮೊದಲ ವಾರ ಸುಮಾರು 512 ಮಂದಿಯ ಮಾತು ನಿಜವಾಗುತ್ತದೆ, ಎರಡನೆಯ ವಾರ 256. ಹತ್ತನೆಯ ವಾರಕ್ಕೆ ಒಬ್ಬನು ಉಳಿಯುತ್ತಾನೆ. ಅವನಲ್ಲಿ ವಿದ್ಯೆಯಿಲ್ಲ, ಆದರೆ ಪ್ರಚಾರ ಮಾಡಿಕೊಳ್ಳಲು ಹತ್ತು ವಾರಗಳ ನಿಜವಾದ ದಾಖಲೆಯಿದೆ. ಉಳಿದ 1,023 ಮಂದಿಯನ್ನು ಯಾರೂ ನಮಗೆ ತೋರಿಸುವುದಿಲ್ಲ.

ಕಲ್ಪಿತ ದೃಷ್ಟಾಂತ ಇರಲಿ, ನಡೆದ ಪ್ರಕರಣಗಳನ್ನೇ ನೋಡೋಣ. 2023ರ ಅಕ್ಟೋಬರಿನಲ್ಲಿ ಸೆಬಿ ‘ಬಾಪ್ ಆಫ್ ಚಾರ್ಟ್’ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ತರಗತಿಗಳ ಬಗ್ಗೆ ಮಧ್ಯಂತರ ಆದೇಶ ಹೊರಡಿಸಿ, 17.2 ಕೋಟಿ ರೂಪಾಯಿಯನ್ನು ತಡೆಹಿಡಿಯಲು ನಿರ್ದೇಶಿಸಿತು. ಲಾಭದ ವಹಿವಾಟುಗಳನ್ನೇ ಪ್ರದರ್ಶಿಸುತ್ತಿದ್ದ ಅದರ ಮುಖ್ಯಸ್ಥನು 2021ರ ಜನವರಿಯಿಂದ 2023ರ ಜುಲೈವರೆಗೆ ತನ್ನ ಸ್ವಂತ ವಹಿವಾಟಿನಲ್ಲಿ ಸುಮಾರು 2.89 ಕೋಟಿ ರೂಪಾಯಿ ನಷ್ಟ ಹೊಂದಿದ್ದನೆಂದು ಆ ಆದೇಶ ಹೇಳಿತು. 2025ರ ಫೆಬ್ರವರಿಯಲ್ಲಿ ಇನ್ನೊಂದು ಶೇರು ಶಾಲೆಗೆ ಸಂಬಂಧಿಸಿ 53 ಕೋಟಿ, ಡಿಸೆಂಬರಿನಲ್ಲಿ ಮತ್ತೊಂದಕ್ಕೆ ಸಂಬಂಧಿಸಿ 546 ಕೋಟಿ ರೂಪಾಯಿಗಳ ಬಗ್ಗೆ ಇಂಥದೇ ಆದೇಶಗಳಾದವು. ಇವು ಮಧ್ಯಂತರ ಆದೇಶಗಳು. ಯಾರನ್ನೂ ಅಪರಾಧಿಯೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೂ ಮೊತ್ತಗಳನ್ನು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಪಾಠ ಮಾರುವುದು ವ್ಯಾಪಾರವಾದಾಗ ಅದರಲ್ಲಿ ನಷ್ಟದ ಭಯ ಗುರುವಿಗಿಲ್ಲ. ಶಿಷ್ಯನು ಸೋತರೂ ಶುಲ್ಕ ಸಂದಿರುತ್ತದೆ. ಮಂಡಿಯ ಯಜಮಾನನಿಗೂ ಇವನಿಗೂ ಇರುವ ಅಂತರ ಇಲ್ಲಿದೆ.

ನಮ್ಮ ಶಾಸ್ತ್ರಗಳು ಈ ದೋಷವನ್ನು ಬಹು ಹಿಂದೆಯೇ ಗುರುತಿಸಿವೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಮಿಥ್ಯೋಪದೇಶವನ್ನು ಮೊದಲು ಇಟ್ಟಿದ್ದಾರೆ. ಲೌಕಿಕ ಅಭ್ಯುದಯಕ್ಕಾಗಲಿ ಮೋಕ್ಷಕ್ಕಾಗಲಿ ಸಂಬಂಧಿಸಿದ ಕಾರ್ಯಗಳಲ್ಲಿ ಇನ್ನೊಬ್ಬನನ್ನು ತಪ್ಪುದಾರಿಗೆ ಎಳೆಯುವುದೇ ಮಿಥ್ಯೋಪದೇಶವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಕೇವಲ ಪರಲೋಕದ ವಿಷಯವಲ್ಲ, ಈ ಲೋಕದ ಏಳಿಗೆಯ ವಿಷಯದಲ್ಲಿ ಕೊಡುವ ತಪ್ಪು ಸಲಹೆಯೂ ಅದರಲ್ಲಿ ಸೇರಿತು. ಅದೇ ಪಟ್ಟಿಯಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು, ಇದೆ. ಅಚೌರ್ಯದ ಅತಿಚಾರಗಳಲ್ಲಿ ತೂಕ ಅಳತೆಗಳನ್ನು ಹೆಚ್ಚುಕಡಿಮೆ ಮಾಡುವುದು ಇದೆ. ಲಾಭದ ದಿನಗಳನ್ನು ತೋರಿಸಿ ನಷ್ಟದ ದಿನಗಳನ್ನು ಬಚ್ಚಿಡುವ ಲೆಕ್ಕವು ಕೂಟಲೇಖವಲ್ಲದೆ ಮತ್ತೇನು? ಒಂದೇ ತಟ್ಟೆಯಿರುವ ತಕ್ಕಡಿಯಲ್ಲಿ ತೂಗಿದಂತೆ ಅದು.

ಹಾಗೆಂದು ತಪ್ಪೆಲ್ಲ ಗುರುವಿನದೇ ಎನ್ನುವಂತಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನಕ್ಕೆ ಅಡ್ಡಿಯಾದ ಮೂರು ಮೂಢತೆಗಳನ್ನು ಹೇಳುತ್ತಾರೆ. ಅವುಗಳಲ್ಲೊಂದು ಪಾಷಂಡಿಮೂಢತೆ, ಅದನ್ನೇ ಗುರುಮೂಢತೆಯೆಂದೂ ಕರೆಯುವರು. ಪರಿಗ್ರಹದಲ್ಲಿಯೂ ಸಂಸಾರದ ಸುಳಿಯಲ್ಲಿಯೂ ಮುಳುಗಿದವರನ್ನು ಗುರುವೆಂದು ಪೂಜಿಸುವುದು ಅದರ ಲಕ್ಷಣ. ಆಚಾರ್ಯರು ಹೇಳಿದ್ದು ಧರ್ಮಗುರುಗಳ ವಿಷಯದಲ್ಲಿ ಎಂಬುದು ನಿಜ. ಆದರೂ ಮೂಢತೆಯ ಹೊಣೆಯನ್ನು ಅವರು ಪೂಜಿಸುವವನ ಮೇಲೆ ಇಟ್ಟಿದ್ದಾರೆಂಬುದು ವಿಚಾರಾರ್ಹ. ಬೇಗ ಧನಿಕನಾಗಬೇಕೆಂಬ ಆಸೆ ನಮ್ಮಲ್ಲಿಲ್ಲದಿದ್ದರೆ ಆ ಆಸೆಯನ್ನು ಮಾರುವವನಿಗೆ ಗಿರಾಕಿಯೇ ಇರುವುದಿಲ್ಲ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸಿದ್ದೂ ವ್ಯರ್ಥವಲ್ಲ.

ಹಾಗಾದರೆ ಶುಲ್ಕ ಪಡೆದು ಕಲಿಸುವವರೆಲ್ಲರೂ ಅವಿಶ್ವಾಸಾರ್ಹರೇ? ಅಲ್ಲ. ಲೆಕ್ಕಪತ್ರ, ತೆರಿಗೆ, ಕಂಪನಿಯ ಆಯವ್ಯಯ ಪಟ್ಟಿಯನ್ನು ಓದುವ ಕ್ರಮ ಇವನ್ನು ಶುಲ್ಕ ಪಡೆದು ಕಲಿಸುವುದು ನ್ಯಾಯವಾದ ಜೀವನೋಪಾಯ. ವೈದ್ಯ, ವಕೀಲರ ಹೋಲಿಕೆಗೆ ಉತ್ತರವೂ ಇಲ್ಲಿಯೇ ಇದೆ. ಅವರ ಹಿಂದೆ ಪರೀಕ್ಷೆ, ನೋಂದಣಿ, ಶಿಸ್ತುಕ್ರಮಗಳಿವೆ. ರೋಗಿಯೆಲ್ಲ ಗುಣವಾಗುವನೆಂದು ಅವರು ಕರಪತ್ರ ಹಂಚುವಂತಿಲ್ಲ. ಹೂಡಿಕೆಯ ಸಲಹೆಗಾರರಿಗೂ 2013ರಿಂದ, ಸಂಶೋಧನಾ ವಿಶ್ಲೇಷಕರಿಗೂ 2014ರಿಂದ ಸೆಬಿಯ ನೋಂದಣಿ ನಿಯಮಗಳಿವೆ. ‘ನಾನು ಸಲಹೆಗಾರನಲ್ಲ, ಶಿಕ್ಷಕ’ ಎಂದು ಹೇಳಿ ಈ ನಿಯಮದಿಂದ ನುಣುಚಿಕೊಳ್ಳುವುದು ಹಲವರ ಪದ್ಧತಿಯಾಗಿತ್ತು. ಇದನ್ನು ತಡೆಯಲು 2025ರ ಜನವರಿ 29ರ ಸುತ್ತೋಲೆಯು, ಕೇವಲ ಶಿಕ್ಷಣ ನೀಡುವವರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಿ ಶೇರುಗಳ ಹೆಸರು ಹೇಳಬಾರದೆಂದು ಸ್ಪಷ್ಟಪಡಿಸಿತು. ಕಲಿಸುವುದಕ್ಕೆ ಹಳೆಯ ಬೆಲೆ ಸಾಕು. ಇಂದಿನ ಬೆಲೆ ಬೇಕಾಗುವುದು ಸಟ್ಟಾಕ್ಕೆ.

ದೊಡ್ಡಉಳ್ಳಾರ್ತಿಯ ಆ ಯುವಕನಿಗೆ ನಾನು ಹೇಳಿದ್ದು ಇಷ್ಟೇ: “ನೋಂದಣಿ ಸಂಖ್ಯೆಯನ್ನು ಕೇಳು. ಹಿಂದಿನ ಮೂರು ವರ್ಷಗಳ ಅವರ ಸ್ವಂತ ವಹಿವಾಟಿನ ಸಂಪೂರ್ಣ ಲೆಕ್ಕವನ್ನು, ನಷ್ಟವೂ ಸೇರಿ, ಲೆಕ್ಕಪರಿಶೋಧಕರ ಸಹಿಯೊಂದಿಗೆ ಕೇಳು. ಅವರ ಆದಾಯದಲ್ಲಿ ಪೇಟೆಯಿಂದ ಬಂದದ್ದೆಷ್ಟು, ಶುಲ್ಕದಿಂದ ಬಂದದ್ದೆಷ್ಟು ಎಂದು ಕೇಳು.” ಯಾವ ವರ್ತಕನೂ ಪಾಲುದಾರನನ್ನು ಸೇರಿಸಿಕೊಳ್ಳುವ ಮೊದಲು ಇಷ್ಟನ್ನು ಕೇಳುತ್ತಾನೆ. ಅವನು ಕೇಳಿದನು. ಲೆಕ್ಕ ಬರಲಿಲ್ಲ, ಅದರ ಬದಲು, ಅಂದು ರಾತ್ರಿಯೊಳಗೆ ಸೇರಿದರೆ ಶುಲ್ಕದಲ್ಲಿ ಅರ್ಧ ರಿಯಾಯಿತಿ ಎಂಬ ಉತ್ತರ ಬಂದಿತು. ಅವನು ಸೇರಲಿಲ್ಲ.

ಇಷ್ಟು ಹೇಳಿ ಮುಗಿಸಿದರೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಯುವಕರು ಅಪರಿಚಿತನಲ್ಲಿಗೆ ಹೋಗುವುದೇಕೆ? ಪರಿಚಿತರಾದ ನಾವು ಕಲಿಸುವುದನ್ನು ನಿಲ್ಲಿಸಿದ್ದೇವೆ. 1994ರ ನಂತರ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಶೇಂಗಾ ಎಣ್ಣೆಯ ಗಿರಣಿಗಳು ಕಷ್ಟಕ್ಕೆ ಸಿಲುಕಿದವು. ಅಂಗಡಿಗಳು ಕಡಿಮೆಯಾದಂತೆ ಅಂಗಡಿಯ ಪಾಠವೂ ನಿಂತಿತು. ನಮ್ಮ ಮಕ್ಕಳು ಪಟ್ಟಣ ಸೇರಿದರು. ಬೇರೆಯವರ ಮಕ್ಕಳಿಗೆ ಹೇಳಿಕೊಡಬೇಕೆಂದು ನಮಗೆ ತೋಚಲಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೆಂದರೆ ಗ್ರಂಥ ಮುದ್ರಿಸಿ ಹಂಚುವುದಷ್ಟೇ ಎಂದು ತಿಳಿದಿದ್ದೇವೆ. ಲೆಕ್ಕವನ್ನು ಓದಲು ಕಲಿಸಿ ಒಂದು ಸಂಸಾರವನ್ನು ಸಾಲದಿಂದ ಉಳಿಸುವುದರಲ್ಲಿ ಜ್ಞಾನದಾನವೂ ಇದೆ, ಅಭಯದಾನವೂ ಇದೆ.

ಪ್ರತಿ ಊರಿನ ಬಸದಿಯ ಪಾಠಶಾಲೆಯಲ್ಲಿ ಅಥವಾ ಸಮಾಜದ ಭವನದಲ್ಲಿ ತಿಂಗಳಿಗೊಂದು ಭಾನುವಾರ, ಜಾತಿಭೇದವಿಲ್ಲದೆ, ಶುಲ್ಕವಿಲ್ಲದೆ, ನಿವೃತ್ತ ವರ್ತಕರು ತರುಣರೊಂದಿಗೆ ಕುಳಿತುಕೊಳ್ಳಲಿ. ತಮ್ಮ ಹಳೆಯ ಖಾತೆ ಪುಸ್ತಕಗಳನ್ನು, ಲಾಭದ ವರ್ಷವನ್ನೂ ನಷ್ಟದ ವರ್ಷವನ್ನೂ, ಮುಚ್ಚುಮರೆಯಿಲ್ಲದೆ ತೆರೆದು ತೋರಿಸಲಿ. ಬರುವ ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯಧರ್ಮದ ದಿನ ಇದನ್ನು ಆರಂಭಿಸಬಹುದೆಂದು ಧರ್ಮಬಂಧುಗಳಲ್ಲಿ ನನ್ನ ವಿನಂತಿ.